ಕಟ್ಟಿದವರು ಯಾರು?

ಪೆಟ್ಟಿಗೆಯೊಂದರಲ್ಲಿ ಬಿಡಿಭಾಗಗಳಿವೆ, ಜೊತೆಗೆ ಚಿತ್ರಗಳುಳ್ಳ ಕೈಪಿಡಿ. ಅವುಗಳನ್ನು ಜೋಡಿಸಿ, ರೇಡಿಯೋ ಸಂಕೇತಕ್ಕೆ ಓಡುವ ಪುಟ್ಟ ಬಗ್ಗಿ ಕಾರನ್ನು ಸಿದ್ಧಗೊಳಿಸಿದ ಬಾಲಕನು, 'ಇದನ್ನು ಕಟ್ಟಿದವನು ನಾನೇ' ಎನ್ನುತ್ತಾನೆ. ಪ್ರಿಯ ಓದುಗರೇ, ಅವನ ಮಾತು ಸತ್ಯವೇ?

ಅಲ್ಲವೆನ್ನಲು ಕಾರಣಗಳುಂಟು. 1898ರಲ್ಲಿಯೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಚಿಕ್ಕ ದೋಣಿಯೊಂದನ್ನು ರೇಡಿಯೋ ಅಲೆಗಳಿಂದ ನಡೆಸಿ ತೋರಿಸಿದ್ದರು. ಜಪಾನಿನ ತಮಿಯಾ ಸಂಸ್ಥೆಯು ತನ್ನ ಮೊದಲ ರೇಡಿಯೋ ನಿಯಂತ್ರಿತ ಕಾರಿನ ಕಿಟ್ಟನ್ನು 1976ರಲ್ಲಿಯೂ, 'ಗ್ರಾಸ್‌ಹಾಪರ್' ಬಗ್ಗಿಯನ್ನು 1984ರಲ್ಲಿಯೂ ಹೊರತಂದಿತು. ವಿನ್ಯಾಸ, ಅಚ್ಚು, ಮೋಟಾರು ಎಲ್ಲವೂ ಅನ್ಯರ ಶ್ರಮದ ಫಲ.

ಆದರೆ ಬರಿಗೈಯಿಂದ ಏನನ್ನಾದರೂ ಮಾಡಿದವರು ನಮ್ಮಲ್ಲಿ ಯಾರಿದ್ದಾರೆ? ಮಾಣಿಕನಗರದ ಸುತ್ತಲಿನ ಸೀಮೆಯಲ್ಲಿ ಜೋಳದ ದಂಟಿನಿಂದ ಬಂಡಿ ಕಟ್ಟುವ ಮಗು ಆ ದಂಟನ್ನು ಬೆಳೆದಿಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಯು ಸತುವನ್ನಾಗಲಿ, ತಾಮ್ರವನ್ನಾಗಲಿ, ಬೆಳ್ಳಿಯನ್ನಾಗಲಿ ಸೃಷ್ಟಿಸಿಲ್ಲ. ಪಾತ್ರೆಗೆ ಕಪ್ಪು ಹೊಳಪು ಕೊಡುವ ಮಣ್ಣು ಹಳೆಯ ಕೋಟೆಯದು, ಕಸುಬು ಹಿರಿಯರದು. ಆದರೂ ಆ ಹೂದಾನಿ ಅವನ ಕೈಕೆಲಸವೆನ್ನಲು ನಾವು ಹಿಂಜರಿಯುವುದಿಲ್ಲ. ಏಕೆಂದರೆ ಅದರ ಓರೆಕೋರೆಗಳಿಗೆ ಉತ್ತರ ಹೇಳುವವನು ಅವನೇ. ಕಟ್ಟುವುದೆಂದರೆ ಕೊಟ್ಟದ್ದನ್ನು ಸ್ವೀಕರಿಸಿ, ಆದದ್ದಕ್ಕೆ ಹೊಣೆಯಾಗುವುದು.

ಬಗ್ಗಿಯು ಈ ಹೊಣೆಯನ್ನು ಚೆನ್ನಾಗಿ ಕಲಿಸುತ್ತದೆ. ಪ್ಲಾಸ್ಟಿಕ್ಕಿನೊಳಗೆ ಸ್ಕ್ರೂವನ್ನು ಅತಿಯಾಗಿ ಬಿಗಿದರೆ ಹಿಡಿತವೇ ಹೋಗುತ್ತದೆ. ಸಡಿಲ ಬಿಟ್ಟರೆ ಓಟದಲ್ಲಿ ಕಳಚಿಬೀಳುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಸಾಗಬೇಕು; ಅದಕ್ಕಾಗಿ ಇರುವ ಡಿಫರೆನ್ಷಿಯಲ್ ಗೇರುಗಳನ್ನು ಮೊದಲಲ್ಲೇ ಜೋಡಿಸಿ ಮುಚ್ಚಲಾಗುತ್ತದೆ. ಅಲ್ಲಿ ಆದ ತಪ್ಪು ಕೊನೆಯ ದಿನ ಬೆಳಕಿಗೆ ಬರುತ್ತದೆ. ಆಗ ಎಲ್ಲವನ್ನೂ ಬಿಚ್ಚಬೇಕು. ಓಡಿಸುವಾಗಲೂ ಕ್ರಮವುಂಟು: ಮೊದಲು ಕೈಯಲ್ಲಿರುವ ನಿಯಂತ್ರಕವನ್ನು, ಅನಂತರ ವಾಹನವನ್ನು ಚಾಲೂ ಮಾಡಬೇಕು, ನಿಲ್ಲಿಸುವಾಗ ಮೊದಲು ವಾಹನವನ್ನೇ ಆರಿಸಬೇಕು. ಕ್ರಮ ತಪ್ಪಿದರೆ ವಾಹನವು ಹಿಡಿತವಿಲ್ಲದೆ ನುಗ್ಗಿ, ಪಕ್ಕದಲ್ಲಿ ಆಡುವ ಕೂಸಿಗೆ ಪೆಟ್ಟಾದೀತು.

ಹೆತ್ತವರೇ, ನಿಮ್ಮ ಪರೀಕ್ಷೆ ಇರುವುದು ಎಲ್ಲವನ್ನೂ ಬಿಚ್ಚಬೇಕಾದ ಆ ಗಳಿಗೆಯಲ್ಲಿ. ಮಗುವಿನ ಕಣ್ಣಲ್ಲಿ ನೀರು ಕಂಡೊಡನೆ 'ಇಲ್ಲಿ ಕೊಡು, ನಾನು ಮಾಡುತ್ತೇನೆ' ಎಂದು ಸ್ಕ್ರೂಡ್ರೈವರಿಗೆ ಕೈಚಾಚುತ್ತೀರಿ. ಅದು ಪ್ರೀತಿಯೇ ಸರಿ. ಆದರೆ ಹಾಗೆ ಮುಗಿದ ಬಗ್ಗಿಯು ಚೆನ್ನಾಗಿ ಓಡಿದರೂ ಮಗುವಿನದಾಗದು. ನಾಳೆ ಅದು ಕೆಟ್ಟುನಿಂತಾಗ ಎಲ್ಲಿ ನೋಡಬೇಕೆಂಬುದು ಅದಕ್ಕೆ ತಿಳಿಯದು. ಬಳಿಯಲ್ಲಿ ಕುಳಿತು ದೀಪ ಹಿಡಿಯಿರಿ, ಬಿದ್ದ ಸ್ಕ್ರೂ ಹುಡುಕಿಕೊಡಿ, ಕೇಳಿದರೆ ಹೇಳಿ. ಚೂಪಾದ ಚಾಕು, ಬ್ಯಾಟರಿಯ ಚಾರ್ಜಿಂಗ್ ಮಾತ್ರ ನಿಮ್ಮ ನಿಗಾದಲ್ಲಿರಲಿ. ಉಳಿದದ್ದು ಆ ಪುಟ್ಟ ಕೈಗಳ ಕೆಲಸ.

'ನಾನೇ ಕಟ್ಟಿದೆ' ಎಂದು ಮಗು ಹೇಳಿದಾಗ ತಿದ್ದಬೇಡಿ. ಬಿಡಿಭಾಗಗಳನ್ನು ರೂಪಿಸಿದ ಕಾಣದ ಕೈಗಳನ್ನು ನೆನೆಯಲು ಕಲಿಸಿ. ಬಳಿಕ ಅದು ಕಟ್ಟಿದ್ದನ್ನು ಅದರ ಹೆಸರಿಗೇ ಬಿಟ್ಟುಕೊಡಿ.