ದಾನ, ಸಾಲ, ಪರಿಹಾರ

ಹಾವೇರಿ ಜಿಲ್ಲೆಯ ನಮ್ಮ ಹೊಲದಲ್ಲೊಂದು ಬದು ಇದೆ. ದೊಡ್ಡಪ್ಪ ಅದನ್ನು ಈಗಲೂ 'ವಿಶ್ವಬ್ಯಾಂಕಿನ ಬದು' ಎನ್ನುತ್ತಾರೆ. ಹಾವೇರಿ, ಧಾರವಾಡ, ಚಿತ್ರದುರ್ಗ, ತುಮಕೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆಯಲ್ಲಿ ಹಾಕಿಸಿದ್ದು. "ಪರದೇಶದವರು ನಮಗ ಧರ್ಮಕ್ಕ ಕೊಟ್ರು" ಎಂಬುದು ಅವರ ನಂಬಿಕೆ. ಆದರೆ ಅದು ವಿಶ್ವಬ್ಯಾಂಕ್ ರಿಯಾಯಿತಿಯಲ್ಲಿ ಕೊಟ್ಟ ಸಾಲ. ಖರ್ಚಿನಲ್ಲಿ ರೈತರ ವಂತಿಗೆಯೂ ಇತ್ತು. ತಾವೂ ಸೇರಿ ತೀರಿಸುವ ಹಣಕ್ಕೆ ದೊಡ್ಡಪ್ಪ ಇಷ್ಟು ವರ್ಷ ಕೃತಜ್ಞರಾಗಿದ್ದಾರೆ.

ಸಂಶೋಧನೆಯ ಓದಿನ ನಡುವೆ ಟುವಾಲು ಎಂಬ ದ್ವೀಪದೇಶದ ಕಥೆ ಎದುರಾದಾಗ ನನಗೆ ಈ ಬದು ನೆನಪಾಯಿತು. ಪೆಸಿಫಿಕ್ ಸಾಗರದ ಆ ದೇಶದ ಜನಸಂಖ್ಯೆ ಸುಮಾರು 11,000. ನಮ್ಮ ರಾಣೆಬೆನ್ನೂರು ಪಟ್ಟಣದ ಹತ್ತರಲ್ಲೊಂದು ಪಾಲು. ಅಲ್ಲಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರ್ ಮೇಲಿಲ್ಲ. ಹಸಿರು ಹವಾಮಾನ ನಿಧಿಯ ನೆರವಿನಿಂದ ರಾಜಧಾನಿ ಫುನಾಫುಟಿಯಲ್ಲಿ ಕಡಲಂಚಿಗೆ ಮರಳು ತುಂಬಿ ನೆಲ ಎತ್ತರಿಸಿದ್ದಾರೆ. ಆ ಹಣ ಸಾಲವಲ್ಲ, ಅನುದಾನ. ಆದರೆ ಈ ಪದದೊಳಗೂ 'ದಾನ' ಕೂತಿದೆಯಲ್ಲ!

ನನ್ನ ಎಮ್ಮೆ ನಿಮ್ಮ ಪೈರು ಮೇಯ್ದರೆ ನಾನು ಕೊಡುವ ದುಡ್ಡನ್ನು ಊರಿನಲ್ಲಿ ಯಾರೂ ದಾನ ಎನ್ನುವುದಿಲ್ಲ. ಟುವಾಲುವಿನವರು ಉಗುಳಿದ ಹೊಗೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಹಾಗಿದ್ದೂ 2015ರ ಪ್ಯಾರಿಸ್ ಸಭೆ ನಷ್ಟ ಮತ್ತು ಹಾನಿಯ ವಿಧಿಯನ್ನು ಒಪ್ಪುವಾಗಲೇ, ಇದು ಹೊಣೆಗಾರಿಕೆಗೂ ಪರಿಹಾರಕ್ಕೂ ಆಧಾರವಾಗದು ಎಂದು ನಿರ್ಣಯದಲ್ಲಿ ಬರೆದುಕೊಂಡಿತು. ಕೊಡುತ್ತೇವೆ, ಆದರೆ ಪರಿಹಾರ ಅನ್ನಬೇಡಿ ಎಂಬಂತೆ.

ಹಣ ಬಂದರೆ ಸಾಲದೇ, ಹೆಸರಿನಲ್ಲೇನಿದೆ ಎಂದು ಕೇಳಬಹುದು. ನನಗೆ ಹಾಗನಿಸುವುದಿಲ್ಲ. ದಾನಕ್ಕೆ ಲೆಕ್ಕ ಕೇಳುವಂತಿಲ್ಲ. ಸಾಲದಲ್ಲಿ ಕೊಟ್ಟವನು ಲೆಕ್ಕ ಕೇಳುತ್ತಾನೆ. ಪರಿಹಾರದಲ್ಲಿ ಮಾತ್ರ ಪಡೆಯುವವನಿಗೆ ಕೇಳುವ ಹಕ್ಕಿದೆ. 2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿದಾಗ ನಮ್ಮ ಜಿಲ್ಲೆಯ ಜನ "ನಮ್ಮ ಪರಿಹಾರ ಎಲ್ಲಿ?" ಎಂದು ದನಿ ಎತ್ತಿ ಕೇಳಿದರು. ಬದುವಿನ ಬಗ್ಗೆ ದೊಡ್ಡಪ್ಪ ಎಂದೂ ಹಾಗೆ ಮಾತಾಡಿದವರಲ್ಲ. ಕೃತಜ್ಞತೆ ಒಳ್ಳೆಯ ಗುಣವೇ. ಆದರೆ ಅದು ನೊಂದವರ ಬಾಯಿ ಕಟ್ಟಿದರೆ ಅನ್ಯಾಯದ ಪರ ನಿಲ್ಲುತ್ತದೆ.

ಈ ಪದವನ್ನು ಮರಳಿ ತರಲು ಹೊರಟವರಲ್ಲಿ ವಿದ್ಯಾರ್ಥಿಗಳಿದ್ದರು. 2019ರಲ್ಲಿ ದಕ್ಷಿಣ ಪೆಸಿಫಿಕ್ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳು ಶುರುಮಾಡಿದ ಒತ್ತಾಯವನ್ನು ವನುವಾಟು ದೇಶ ವಿಶ್ವಸಂಸ್ಥೆಗೆ ಒಯ್ದಿತು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತನ್ನ ಸಲಹಾ ಅಭಿಪ್ರಾಯದಲ್ಲಿ, ಹವಾಮಾನದ ಹೊಣೆ ಮುರಿದ ದೇಶಗಳು ಹಾನಿ ತುಂಬಿಕೊಡಬೇಕಾಗಿ ಬರಬಹುದು ಎಂದಿತು.

ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು ಕೇಳಿದರು: "ಬ್ಯಾಡಗಿ ಕೋಲ್ಡ್ ಸ್ಟೋರೇಜಿನಾಗ ನಮ್ಮ ಮೆಣಸಿನಕಾಯಿ ಚೀಲ ಅದಾವಲ್ಲ, ಅದಕ್ಕ ಕರೆಂಟು ಎಲ್ಲಿಂದ ಬರ್ತದ?"

ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಗಳಿಂದಲೂ ಬರುತ್ತದೆ ಎಂದೆ.

"ಹಂಗಾರ ಆ ದ್ವೀಪದವ್ರಿಗೆ ನಾವೂ ಏನರ ಕೊಡಬೇಕೇನು?"

ಅಮೆರಿಕ, ಯುರೋಪುಗಳ ಎದುರು ನಮ್ಮ ಪಾಲು ಸಣ್ಣದು ಎಂಬ ಉತ್ತರ ನನ್ನ ಬಳಿ ಸಿದ್ಧವಿತ್ತು. ಅದು ಸುಳ್ಳೂ ಅಲ್ಲ. ಆದರೆ ಸಣ್ಣ ಎಮ್ಮೆ ಮೇಯ್ದರೂ ಪೈರು ಹೋಗುತ್ತದೆ. ಕೇಳುವ ಹಕ್ಕು ನಮಗಿದೆ ಎನ್ನುವವರು ಕೇಳಿಸಿಕೊಳ್ಳಲೂ ಸಿದ್ಧರಿರಬೇಕು.