ಹರಾಜು ಪ್ರಕಟಣೆಯ ಸಣ್ಣ ಅಕ್ಷರಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ. ಪ್ರಿಯ ಓದುಗರೇ, ಊರುಗಳ ಈ ಸಾಲನ್ನು ತಾವು ಎರಡು ಕಡೆ ಕಂಡಿರಬಹುದು. ಒಂದು, ಹಾಸನದ ಬಸ್ ನಿಲ್ದಾಣದಲ್ಲಿ, ಬಸ್ಸುಗಳ ಹಣೆಯ ಮೇಲಿನ ಫಲಕಗಳಲ್ಲಿ. ಇನ್ನೊಂದು, ದಿನಪತ್ರಿಕೆಯ ಒಳಪುಟದಲ್ಲಿ, ಚಿನ್ನದ ಸಾಲ ನೀಡುವ ಸಂಸ್ಥೆಗಳ ಹರಾಜು ಪ್ರಕಟಣೆಯಲ್ಲಿ. ಬಸ್ಸಿನ ಫಲಕದ ಅಕ್ಷರಗಳು ದಪ್ಪವಾಗಿರುತ್ತವೆ. ಓಡೋಡಿ ಬರುವ ಪ್ರಯಾಣಿಕನಿಗೂ ಅವು ದೂರದಿಂದಲೇ ಕಾಣಬೇಕು. ಹರಾಜು ಪ್ರಕಟಣೆಯಲ್ಲಾದರೋ ಅವೇ ಊರುಗಳ ಹೆಸರುಗಳು ಸಾಸಿವೆ ಕಾಳಿನಷ್ಟಾಗಿ, ಒಂದಕ್ಕೊಂದು ಒತ್ತಿಕೊಂಡು, ಪ್ರತಿಯೊಂದೂ ಹತ್ತಾರು ಖಾತೆ ಸಂಖ್ಯೆಗಳನ್ನು ಹೊತ್ತು ನಿಂತಿರುತ್ತವೆ. ಬಸ್ಸು ತಪ್ಪಿದರೆ ಇನ್ನೊಂದು ಬಸ್ಸು ಬರುತ್ತದೆ. ಹರಾಜಿನ ದಿನ ತಪ್ಪಿದರೆ ಅಜ್ಜಿಯ ಕಾಲದ ಸರ ಮರಳಿ ಬರುವುದಿಲ್ಲ.

ಅಕ್ಷರದ ಗಾತ್ರವೆಂಬುದು ಮುದ್ರಣಾಲಯದವರ ಚರ್ಚೆಗೆ ಬಿಡಬಹುದಾದ ಸಂಗತಿಯೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ಒಬ್ಬರಿಗೆ ಒಂದು ವಿಷಯವನ್ನು ‘ತಿಳಿಸಿದೆವು’ ಎಂದು ಹೇಳಿಕೊಳ್ಳಬೇಕಾದರೆ, ನಾವದನ್ನು ಎಲ್ಲೋ ಒಂದೆಡೆ ಅಚ್ಚು ಹಾಕಿಸಿದರೆ ಸಾಕೇ, ಅಥವಾ ಅದು ಅವರಿಗೆ ತಿಳಿಯುವಂತೆಯೂ ಇರಬೇಕೇ? ಮೊದಲನೆಯದು ನಮ್ಮ ರಕ್ಷಣೆಗಾಗಿ ಮಾಡುವ ಕೆಲಸ. ಎರಡನೆಯದು ಅವರಿಗಾಗಿ ಮಾಡುವ ಕೆಲಸ. ಹೊರನೋಟಕ್ಕೆ ಎರಡೂ ಒಂದೇ ಹಾಳೆಯಂತೆ ಕಾಣುವುದರಿಂದಲೇ ಇಲ್ಲಿ ವಿವೇಚನೆ ಅಗತ್ಯ.

ಗಿರವಿಯ ಕಾನೂನು ನಾವು ಊಹಿಸುವುದಕ್ಕಿಂತ ಮೃದುವಾಗಿದೆ. 1872ರ ಭಾರತೀಯ ಕರಾರು ಅಧಿನಿಯಮದ 176ನೆಯ ಪ್ರಕರಣದಂತೆ, ಸಾಲ ಕೊಟ್ಟವನು ಒತ್ತೆಯಿಟ್ಟ ವಸ್ತುವನ್ನು ಮಾರುವ ಮೊದಲು ಅದರ ಒಡೆಯನಿಗೆ ಯುಕ್ತವಾದ ತಿಳಿವಳಿಕೆ ನೀಡಬೇಕು. ಮಾರಿ ಬಂದ ಹಣದಲ್ಲಿ ಬಾಕಿ ಕಳೆದು ಉಳಿದುದನ್ನು ಹಿಂದಿರುಗಿಸಬೇಕು. 177ನೆಯ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ವಾಯಿದೆ ಮುಗಿದಿದ್ದರೂ, ವಸ್ತು ನಿಜವಾಗಿ ಮಾರಾಟವಾಗುವ ಗಳಿಗೆಯವರೆಗೂ ಬಾಕಿಯನ್ನೂ ತಡವಾದುದರ ಖರ್ಚನ್ನೂ ತೆತ್ತು ಅದನ್ನು ಬಿಡಿಸಿಕೊಳ್ಳುವ ಹಕ್ಕು ಒಡೆಯನಿಗೆ ಉಂಟು. ಅಂದರೆ ಹರಾಜು ಪ್ರಕಟಣೆ ಮುಗಿದುಹೋದ ಕಥೆಯ ವರದಿಯಲ್ಲ, ‘ಇನ್ನೂ ಸಮಯವಿದೆ, ಬನ್ನಿ’ ಎಂಬ ಕಡೆಯ ಕರೆ. ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನಗಳು ಈ ಕರೆಗೆ ಮತ್ತಷ್ಟು ಬಲ ಕೊಟ್ಟವು. ಹರಾಜಿನ ಜಾಹೀರಾತು ಕನಿಷ್ಠ ಎರಡು ಪತ್ರಿಕೆಗಳಲ್ಲಿ ಬರಬೇಕು, ಅವುಗಳಲ್ಲಿ ಒಂದು ಪ್ರಾದೇಶಿಕ ಭಾಷೆಯದಾಗಿರಬೇಕು. ಸಾಲಗಾರನೊಂದಿಗಿನ ವ್ಯವಹಾರ ಆ ಪ್ರದೇಶದ ಭಾಷೆಯಲ್ಲಿ ಅಥವಾ ಅವನು ಆರಿಸಿಕೊಂಡ ಭಾಷೆಯಲ್ಲಿ ನಡೆಯಬೇಕು. ಓದುಬರಹ ಬಾರದವರಿಗೆ ಮುಖ್ಯ ಷರತ್ತುಗಳನ್ನು ಸಾಕ್ಷಿಯ ಎದುರಿನಲ್ಲಿ ವಿವರಿಸಬೇಕು. ಭಾಷೆಯ ವಿಚಾರದಲ್ಲಿ ಇಷ್ಟು ಕಾಳಜಿ ತೋರಿದ ನಿಯಮ ಪತ್ರಿಕೆಯ ಜಾಹೀರಾತಿನ ಅಕ್ಷರ ಎಷ್ಟು ದೊಡ್ಡದಿರಬೇಕೆಂದು ಹೇಳುವುದಿಲ್ಲ. ಕ್ರೆಡಿಟ್ ಕಾರ್ಡಿನ ಮುಖ್ಯ ಷರತ್ತುಗಳು ಏರಿಯಲ್ ಅಕ್ಷರದಲ್ಲಿ ಕನಿಷ್ಠ 12 ಪಾಯಿಂಟಿನ ಗಾತ್ರದಲ್ಲಿರಬೇಕೆಂದು ಇದೇ ರಿಸರ್ವ್ ಬ್ಯಾಂಕು ಬಹಳ ಹಿಂದೆಯೇ ವಿಧಿಸಿದೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ನಗರದ ಸಂಬಳದಾರನ ಕಣ್ಣಿಗೆ ಒಂದು ಅಳತೆ ಸಿಕ್ಕಿದೆ. ಬಳೆ ಒತ್ತೆಯಿಟ್ಟವಳ ಕಣ್ಣಿಗೆ ಸಿಕ್ಕಿಲ್ಲ.

ಕನ್ನಡದ ಲಿಪಿಗೆ ಈ ಅಳತೆ ಇನ್ನೂ ಹೆಚ್ಚು ಬೇಕು. ಪಾಯಿಂಟು ಎಂದರೆ ಅಂಗುಲದ 72ನೆಯ ಒಂದು ಭಾಗ. ರೋಮನ್ ಅಕ್ಷರ ಆ ಎತ್ತರದಲ್ಲಿ ಹಾಯಾಗಿ ಒಂಟಿಯಾಗಿ ನಿಲ್ಲುತ್ತದೆ. ನಮ್ಮ ಅಕ್ಷರ ಅಷ್ಟೇ ಎತ್ತರದೊಳಗೆ ತಲೆಯ ಮೇಲೆ ಗುಡಿಸನ್ನೂ ಕಾಲ ಕೆಳಗೆ ಒತ್ತಕ್ಷರವನ್ನೂ ಇಟ್ಟುಕೊಂಡು ಬಾಳಬೇಕು. ‘ಹಾಸನ’ ಎಂಬ ಹೆಸರು ಸಣ್ಣಕ್ಷರದಲ್ಲಿಯೂ ಹೇಗೋ ಉಳಿದುಕೊಳ್ಳುತ್ತದೆ. ‘ಚನ್ನರಾಯಪಟ್ಟಣ’ದ ಎರಡು ಒತ್ತುಗಳು ಮಸಿಯ ಚುಕ್ಕೆಗಳಾಗುತ್ತವೆ. ಊರಿನ ಹೆಸರನ್ನು ಊಹಿಸಿಯಾದರೂ ಓದಬಹುದು. ಹತ್ತು ಹದಿನೈದು ಅಂಕಿಗಳ ಖಾತೆ ಸಂಖ್ಯೆಯನ್ನು ಊಹಿಸಲಾಗದು. ಅಲ್ಲಿ 3 ಮತ್ತು 8 ಒಂದೇ, 6 ಮತ್ತು 8 ಒಂದೇ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ ಬರಹ ಮಸುಕಾಗುವುದು ಎಲ್ಲರಿಗೂ ಬರುವ ಸಹಜ ಸ್ಥಿತಿ. ಮಗಳ ಓದಿಗೋ ಆಲೂಗಡ್ಡೆಯ ಬಿತ್ತನೆಗೋ ಒಡವೆಯನ್ನು ಒಯ್ದು ಒತ್ತೆಯಿಡುವವರು ಹೆಚ್ಚಾಗಿ ಯಾವ ವಯಸ್ಸಿನವರೆಂದು ತಾವೇ ಯೋಚಿಸಿ.

ಹರಾಜು ಪ್ರಕಟಣೆಗೆ ಇಬ್ಬರು ಓದುಗರಿರುತ್ತಾರೆ ಎಂಬುದನ್ನು ನಾವು ಮರೆಯುತ್ತೇವೆ. ಒಬ್ಬನು ಕೊಳ್ಳುವವನು, ಇನ್ನೊಬ್ಬರು ಕಳೆದುಕೊಳ್ಳುವವರು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ತಂಬಾಕು ಹರಾಜು ಮಾರುಕಟ್ಟೆಗೆ ರೈತನು ತಾನೇ ತನ್ನ ಬೇಲುಗಳನ್ನು ತರುತ್ತಾನೆ; ಮಾರುವ ಮನಸ್ಸಿನಿಂದಲೇ ಬರುತ್ತಾನೆ. ಒತ್ತೆಯ ಹರಾಜಿನಲ್ಲಿ ಒಡತಿಗೆ ಮಾರುವ ಮನಸ್ಸಿಲ್ಲ, ಆ ಜಾಗದಲ್ಲಿ ಅವಳು ಇರುವುದೂ ಇಲ್ಲ. ಅಲ್ಲಿ ಅವಳ ಪರವಾಗಿರುವುದು ಆ ಪ್ರಕಟಣೆಯೊಂದೇ. ಆದರೆ ಪ್ರಕಟಣೆಯಲ್ಲಿ ದೊಡ್ಡದಾಗಿ ಮೂಡುವುದು ಸಂಸ್ಥೆಯ ಲಾಂಛನ ಮತ್ತು ‘ಹರಾಜು’ ಎಂಬ ಶಬ್ದ. ಕೊಳ್ಳುವವನಿಗೆ ಅಷ್ಟು ಸಾಕು. ಮುಂದಿನದನ್ನು ಅವನು ದೂರವಾಣಿಯಲ್ಲಿ ಕೇಳಿ ತಿಳಿದಾನು. ಒಡತಿಗೆ ಬೇಕಾದ ಶಾಖೆ, ಖಾತೆ, ಬಿಡಿಸಿಕೊಳ್ಳುವ ಕಡೆಯ ದಿನ, ಈ ಮೂರೂ ಸಣ್ಣ ಅಕ್ಷರಗಳ ಪಾಲಾಗುತ್ತವೆ.

ಹರಾಜು ಕಾಗದದಿಂದ ಅಂತರ್ಜಾಲಕ್ಕೆ ಹೋದ ಮೇಲೆ ಸ್ಥಿತಿ ಸುಧಾರಿಸಬೇಕಿತ್ತು. ಅಲ್ಲಿ ಜಾಗಕ್ಕೆ ಬೆಲೆಯಿಲ್ಲ, ಅಕ್ಷರವನ್ನು ಬೆರಳಿನಿಂದಲೇ ಹಿಗ್ಗಿಸಬಹುದು. ಸಾರ್ವಜನಿಕ ವಲಯದ ಬ್ಯಾಂಕುಗಳು ಹರಾಜಿಗಿಟ್ಟ ಮನೆ ನಿವೇಶನಗಳನ್ನು ಒಂದೆಡೆ ತೋರಿಸಲು ‘ಬ್ಯಾಂಕ್‌ನೆಟ್’ ಎಂಬ ತಾಣ 2025ರ ಜನವರಿಯಲ್ಲಿ ಹೊಸ ರೂಪದಲ್ಲಿ ಆರಂಭವಾಯಿತು. ಇಂತಹ ತಾಣಗಳು ಸಹಜವಾಗಿಯೇ ಕೊಳ್ಳುವವನನ್ನು ಮನಸ್ಸಿನಲ್ಲಿಟ್ಟು ಕಟ್ಟಿದವು. ಪತ್ರಿಕೆಯ ಪ್ರಕಟಣೆಯನ್ನೇ ಛಾಯಾಚಿತ್ರ ತೆಗೆದು ಎಲ್ಲಿಯಾದರೂ ಏರಿಸಿದರೆ ಅದು ಅಕ್ಷರವಾಗಿ ಉಳಿಯದೆ ಚಿತ್ರವಾಗುತ್ತದೆ, ಹಿಗ್ಗಿಸಿದಷ್ಟೂ ಮಸುಕು. ದೃಷ್ಟಿಹೀನರಿಗೆ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅಂತಹ ಚಿತ್ರ ಮೂಕ. ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅಕ್ಷರಗಳಲ್ಲಿ ಸಿದ್ಧಪಡಿಸಿದ ಕಡತವಾದರೆ ಅದೇ ತಂತ್ರಾಂಶ ಅರ್ಥವಿಲ್ಲದ ಸದ್ದುಗಳನ್ನು ಹೊರಡಿಸುತ್ತದೆ. ಬರಹವನ್ನು ಎರಡು ಪಟ್ಟು ಹಿಗ್ಗಿಸಿದರೂ ಅರ್ಥ ಕೆಡಬಾರದೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲೇ ಹೇಳಿತ್ತು. ಡಿಜಿಟಲ್ ಸೌಲಭ್ಯಗಳನ್ನು ಬಳಸುವ ಅವಕಾಶ ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಳಗೇ ಸೇರಿದೆಯೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ.

ನಮ್ಮ ಜಿಲ್ಲೆಯ ಹಿರಿಯರಿಗೆ ಈ ವಿಷಯ ಗೊತ್ತಿತ್ತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಐದನೆಯ ಶತಮಾನದ್ದೆನ್ನಲಾದ ಕಲ್ಲಿನ ಮೇಲೆ ಬರೆದಿರುವುದು ಹಳ್ಳಿಗಳ ದಾನದ ವಿಷಯ. ಆಸ್ತಿ ಕೈಬದಲಾಯಿಸಿದ ಪ್ರಕಟಣೆಯೆಂದರೂ ಸಲ್ಲುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದಗಳ ಬಳಿ ಅದನ್ನು ಮಾಡಿಸಿದವನು ಚಾವುಂಡರಾಯನೆಂಬ ಮಾತನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮರಾಠಿಯೆಂದು ವಿದ್ವಾಂಸರು ಗುರುತಿಸಿರುವ ಭಾಷೆಯಲ್ಲಿಯೂ ಕೊರೆಯಲಾಗಿದೆ. ಬೆಟ್ಟ ಹತ್ತಿ ಬರುವವರು ಯಾರಾರೆಂದು ಎಣಿಸಿಯೇ ಅದನ್ನು ಬರೆಸಿದಂತಿದೆ.

ಓದಲು ಬಾರದವರನ್ನೂ ಹಳೆಯ ಕಾನೂನು ಮರೆತಿರಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೆಯ ಆದೇಶ, ನ್ಯಾಯಾಲಯದ ಮೂಲಕ ಜಮೀನು ಹರಾಜಾಗುವಾಗ ಆ ಸುದ್ದಿಯನ್ನು ಜಮೀನಿನ ಮೇಲೆಯೋ ಪಕ್ಕದಲ್ಲಿಯೋ ತಮಟೆ ಬಾರಿಸಿ ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕೆಂದೂ, ಎದ್ದು ಕಾಣುವ ಜಾಗದಲ್ಲಿ ಪ್ರತಿಯನ್ನು ಅಂಟಿಸಬೇಕೆಂದೂ ವಿಧಿಸುತ್ತದೆ. ಇಂದು ತಮಟೆಯ ಮಾತೆತ್ತಿದರೆ ನಗು ಬರಬಹುದು. ಆದರೆ ತಮಟೆಗೆ ಸಣ್ಣ ಅಕ್ಷರವಿರಲಿಲ್ಲ. ಅಕ್ಷರ ಬಲ್ಲ ಪಟೇಲನಿಗೂ ಬಾರದ ಆಳಿಗೂ ಅದು ಒಂದೇ ದನಿಯಲ್ಲಿ ಕೇಳುತ್ತಿತ್ತು.

ಎದುರು ವಾದವನ್ನೂ ಕೇಳೋಣ. ಅಕ್ಷರ ದೊಡ್ಡದಾದರೆ ಜಾಹೀರಾತಿನ ಜಾಗ ಹಿಗ್ಗುತ್ತದೆ, ಖರ್ಚು ಹೆಚ್ಚುತ್ತದೆ. ಹರಾಜಿನ ಖರ್ಚು ಕೊನೆಗೆ ಬೀಳುವುದು ಸಾಲಗಾರನ ತಲೆಯ ಮೇಲೆಯೇ. ಈ ಮಾತಿನಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ. ಆದರೆ ನೂರಾರು ಖಾತೆಗಳಿಗೆ ಹಂಚಿಹೋಗುವ ಆ ಹೆಚ್ಚುವರಿ ಖರ್ಚನ್ನು ಕಳೆದುಹೋಗುವ ಒಡವೆಯ ಪಕ್ಕದಲ್ಲಿಟ್ಟು ತೂಗಬೇಕು. ಸಂಸ್ಥೆಯ ಲಾಂಛನವನ್ನು ಕುಗ್ಗಿಸಿದರೂ ಒಂದಿಷ್ಟು ಜಾಗ ಉಳಿಯುತ್ತದೆ! ಮನೆಗೆ ಪತ್ರ ಕಳುಹಿಸಿರುತ್ತೇವಲ್ಲ ಎಂಬುದು ಇನ್ನೊಂದು ವಾದ. ಬಾಡಿಗೆ ಮನೆ ಬದಲಿಸಿದವರಿಗೆ, ಮೊಬೈಲ್ ಸಂಖ್ಯೆ ಬದಲಾದವರಿಗೆ ಪತ್ರವೂ ಸಂದೇಶವೂ ತಲುಪವು. ಪತ್ರಿಕೆಯ ಪ್ರಕಟಣೆ ಇರುವುದೇ ಅಂತಹವರಿಗಾಗಿ.

ಇವೆರಡಕ್ಕಿಂತ ಸೂಕ್ಷ್ಮವಾದುದು ಮಾನದ ಪ್ರಶ್ನೆ. ಸಾಲ ಕಟ್ಟಲಾಗದವರ ವಿಷಯವನ್ನು ದಪ್ಪಕ್ಷರದಲ್ಲಿ ಊರಿಗೆಲ್ಲ ಸಾರುವುದು ದಯೆಯೇ? ಸಣ್ಣ ಅಕ್ಷರವೇ ಒಂದು ಮರೆಯಲ್ಲವೇ? ಈ ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಚಿನ್ನದ ಸಾಲದ ಪ್ರಕಟಣೆಗಳಲ್ಲಿ ಹೆಸರಿನ ಬದಲು ಖಾತೆ ಸಂಖ್ಯೆಯನ್ನಷ್ಟೇ ಕೊಡುವ ರೂಢಿಯಿದೆ. ಮಾನ ಕಾಯುವುದು ಆ ಸಂಖ್ಯೆ, ಅದರ ಗಾತ್ರವಲ್ಲ. ಸಂಖ್ಯೆ ಎಷ್ಟು ದೊಡ್ಡದಾಗಿದ್ದರೂ ನೆರೆಮನೆಯವರಿಗೆ ಏನೂ ತಿಳಿಯದು, ಚೀಟಿ ಕೈಯಲ್ಲಿರುವವಳಿಗೆ ಎಲ್ಲವೂ ತಿಳಿಯುತ್ತದೆ. ಮನೆ ನಿವೇಶನಗಳ ಹರಾಜಿನಲ್ಲಿ ಮಾತ್ರ ಹೆಸರು ವಿಳಾಸಗಳೇ ಅಚ್ಚಾಗುತ್ತವೆ. ಅಲ್ಲಿ ಹೆಸರು ಚಿಕ್ಕದಾಗಿಯೇ ಇರಲಿ. ದಿನಾಂಕವೂ ಬಾಕಿಯೂ ದೊಡ್ಡದಾಗಿರಲಿ.

ಮನೆಗಳ ವಿಷಯದಲ್ಲಿ ಇನ್ನೊಂದು ಕಠಿಣ ಸತ್ಯವಿದೆ. 2002ರ ಸರ್ಫೇಸಿ ಕಾಯಿದೆಯ ಮೇರೆಗೆ ನಡೆಯುವ ಹರಾಜಿನಲ್ಲಿ, ಸಾಲ ತೀರಿಸಿ ಮನೆಯನ್ನು ಬಿಡಿಸಿಕೊಳ್ಳುವ ಹಕ್ಕು ಮಾರಾಟದ ದಿನದವರೆಗೆ ಉಳಿಯುವುದಿಲ್ಲ. 2016ರ ತಿದ್ದುಪಡಿಯ ನಂತರ ಅದು ಹರಾಜಿನ ಪ್ರಕಟಣೆ ಹೊರಬಿದ್ದ ದಿನಕ್ಕೇ ಮುಗಿಯುತ್ತದೆಂದು ಸರ್ವೋಚ್ಚ ನ್ಯಾಯಾಲಯ 2023ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಚಿನ್ನದ ಪ್ರಕಟಣೆ ಬಾಗಿಲು ತೆರೆದಿದೆಯೆಂದು ಕರೆದರೆ, ಮನೆಯ ಪ್ರಕಟಣೆ ಬಾಗಿಲು ಮುಚ್ಚಿತೆಂದು ಸಾರುತ್ತದೆ. ಅದಕ್ಕೆ ಮುಂಚೆ ಬರುವ 60 ದಿನಗಳ ಬೇಡಿಕೆಯ ಸೂಚನೆ, ಸ್ವಾಧೀನದ ಸೂಚನೆಗಳನ್ನೇ ಓದಿ ಅರ್ಥ ಮಾಡಿಕೊಂಡಿರಬೇಕು. ‘ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ’ ಎಂಬಂತಹ ಅನುವಾದಿತ ಭಾಷೆಯಲ್ಲಿರುವ ಬರಹವನ್ನು ಭೂತಗನ್ನಡಿ ಹಿಡಿದು ಓದಿದರೂ ಎಷ್ಟು ಮಂದಿಗೆ ತಿಳಿದೀತು?

ಪವಿತ್ರ ಗ್ರಂಥದ ಧರ್ಮೋಪದೇಶಕಾಂಡದಲ್ಲಿ ಒತ್ತೆಯ ಬಗ್ಗೆ ಒಂದು ವಿಧಿಯಿದೆ. ಸಾಲ ಕೊಟ್ಟವನು ಒತ್ತೆ ತರಲು ಸಾಲಗಾರನ ಮನೆಯೊಳಕ್ಕೆ ನುಗ್ಗಬಾರದು, ಹೊರಗೆ ನಿಲ್ಲಬೇಕು, ಸಾಲಗಾರನೇ ಅದನ್ನು ತಂದುಕೊಡಬೇಕು. ಸಾಲ ಕೊಟ್ಟವನ ಹಕ್ಕನ್ನು ಆ ವಿಧಿ ನಿರಾಕರಿಸುವುದಿಲ್ಲ. ಹೊಸ್ತಿಲಿನ ಈಚೆಗೆ ನಿಂತು, ಎದುರಿನ ಮನುಷ್ಯನ ಮುಖ ನೋಡಿ ಮಾತನಾಡಬೇಕೆಂದು ಅದು ಕೇಳುತ್ತದೆ. ಪ್ರವಾದಿ ಹಬಕ್ಕೂಕನಿಗೆ ದೊರೆತ ಅಪ್ಪಣೆಯೂ ನಮ್ಮ ವಿಷಯಕ್ಕೆ ಸಮೀಪದ್ದು: ದರ್ಶನವನ್ನು ಹಲಗೆಗಳ ಮೇಲೆ ಸ್ಪಷ್ಟವಾಗಿ, ಓಡುತ್ತಿರುವವನೂ ಓದುವಂತೆ ಬರೆಯಬೇಕೆಂದು. ಹಾಸನದ ಬಸ್ಸಿನ ಫಲಕ ಬರೆಯುವವನು ದಿನವೂ ಪಾಲಿಸುವ ನಿಯಮವೇ ಅದು.

ಹರಾಜಾದ ಮೇಲೆಯೂ ಓದಬೇಕಾದುದು ಒಂದು ಉಳಿದಿರುತ್ತದೆ. 2025ರ ನಿರ್ದೇಶನಗಳಂತೆ, ಒಡವೆ ಮಾರಿ ಬಂದ ಹಣದಲ್ಲಿ ಬಾಕಿ ಕಳೆದು ಮಿಕ್ಕಿದುದನ್ನು ಏಳು ಕೆಲಸದ ದಿನಗಳೊಳಗೆ ಸಾಲಗಾರರಿಗೆ ಹಿಂದಿರುಗಿಸಬೇಕು. ಚಿನ್ನದ ಬೆಲೆ ಏರಿರುವ ಈ ಕಾಲದಲ್ಲಿ ಆ ಮಿಕ್ಕ ಹಣ ಸಣ್ಣದಾಗಿರಬೇಕೆಂದೇನಿಲ್ಲ. ಅದು ಸರಿಯಾಗಿ ಬಂದಿತೇ ಎಂದು ಕೇಳಲು ಶಾಖೆಯ ಮೆಟ್ಟಿಲು ಹತ್ತಬೇಕಾದವಳಿಗೆ, ತನ್ನ ಸರ ಯಾವ ದಿನ, ಯಾವ ಊರಿನಲ್ಲಿ ಮಾರಾಟವಾಯಿತೆಂಬುದಾದರೂ ಮೊದಲು ತಿಳಿದಿರಬೇಕಲ್ಲವೇ? ಅದು ಅಚ್ಚಾಗಿತ್ತು, ಒಳಪುಟದಲ್ಲಿ, ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವಿನ ಒಂದು ಸಾಲಿನಲ್ಲಿ.