ಮಾಸ್ತರರ ಕೈಗೆ ಮತದಾರರ ಪಟ್ಟಿ, ಬಾಯಿಗೆ ಬೀಗ

ಶಿಕ್ಷಕರ ದಿನಾಚರಣೆಯ ವೇದಿಕೆಯಿಂದ ಪ್ರತಿ ವರ್ಷ ಕೇಳಿಬರುವ ಒಂದು ಮಾತು ನನ್ನ ಮೈ ಉರಿಸುತ್ತದೆ: "ಮಾಸ್ತರರಿಗೆ ಯಾಕೆ ರಾಜಕೀಯ?" ಹಳಿಯಾಳದಲ್ಲೂ ಕೇಳಿದ್ದೇನೆ, ಮುಂಡಗೋಡದಲ್ಲೂ ಕೇಳಿದ್ದೇನೆ. ಹೇಳಿದವರೆಲ್ಲ ರಾಜಕಾರಣಿಗಳೇ. ಹೇಳಿ ಕೆಳಗಿಳಿದವರು ಪರಿಷತ್ ಚುನಾವಣೆ ಬಂತೆಂದರೆ ಅದೇ ಮಾಸ್ತರರ ಸ್ಟಾಫ್ ರೂಮಿಗೆ ಕೈ ಮುಗಿದುಕೊಂಡು ಬರುತ್ತಾರೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರದವು. ಉತ್ತರ ಕನ್ನಡ ಸೇರಿದ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ 1980ರಿಂದ ಗೆಲ್ಲುತ್ತ ಬಂದ ಬಸವರಾಜ ಹೊರಟ್ಟಿಯವರು 2022ರಲ್ಲಿ ಎಂಟನೇ ಸಲ ಆರಿಸಿಬಂದರು. ಅವರೂ ಮೊದಲು ದೈಹಿಕ ಶಿಕ್ಷಕರೇ. ಅಲ್ಲಿ ಹೈಸ್ಕೂಲು ಮತ್ತು ಮೇಲಿನವರಿಗಷ್ಟೇ ಮತ, ಪ್ರಾಥಮಿಕ ಶಾಲೆಯ ನನ್ನಂಥವರಿಗೆ ಅದೂ ಇಲ್ಲ. ಶಿಕ್ಷಕನೆಂಬ ಕಾರಣಕ್ಕೇ ಮತ ಹಾಕಲು ಕರೆಯುವ ಸರ್ಕಾರ, ಯಾರಿಗೆ ಹಾಕಿದೆ ಎಂದು ಬಾಯಿಬಿಟ್ಟರೆ ನಡತೆ ನಿಯಮ ತೆಗೆದು ತೋರಿಸುತ್ತದೆ.

ಗುರು ರಾಜನಿಗಿಂತ ದೊಡ್ಡವನು ಎಂಬ ಗುರುಕುಲದ ಮಾತು ಖಜಾನೆಯಿಂದ ಸಂಬಳ ಎಣಿಸುವವರಿಗೆ ಒಪ್ಪುವುದಿಲ್ಲ. ಶಾಲೆ ಎಂದರೆ ಪ್ರಭುತ್ವದ ಸಾಧನವಷ್ಟೇ ಎಂಬ ಎಡಪಂಥದ ಮಾತಿಗೆ ನನಗೆ ಆಕಳಿಕೆ ಬರುತ್ತದೆ. ಈ ಪ್ರಶ್ನೆಯಲ್ಲಿ ನಾನು ಎದುರು ಕೂತು ಜಗಳವಾಡಬೇಕಾದವನು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್.

1917ರಲ್ಲಿ ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತ ಅವನು ತರಗತಿಯಲ್ಲಿ ರಾಜಕೀಯಕ್ಕೆ ಜಾಗವಿಲ್ಲ ಎಂದ. ಕಾರಣ ಸರಳ: ಬಹಿರಂಗ ಸಭೆಯಲ್ಲಿ ಕೇಳುಗ ಎದ್ದು ನಿಂತು ಜಾಡಿಸಬಹುದು, ತರಗತಿಯಲ್ಲಿ ಹುಡುಗ ಸುಮ್ಮನೆ ಕೂರಬೇಕು, ಪರೀಕ್ಷೆಯ ಭಯ ಬೇರೆ. ಆ ಮೌನವನ್ನು ಬಳಸಿಕೊಂಡು ತನ್ನ ಪಕ್ಷವನ್ನು ತುರುಕುವುದು ಹೊಣೆಗೇಡಿತನ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿದ್ದೇನೆ. ಆದರೆ ಅದೇ ವೇಬರ್ ಮುಂದೆ ಜರ್ಮನ್ ಡೆಮಾಕ್ರಟಿಕ್ ಪಕ್ಷದ ಪರವಾಗಿ ಸಭೆಗಳಲ್ಲಿ ಭಾಷಣ ಮಾಡಿದ. ಅವನು ಬೇಲಿ ಹಾಕಿದ್ದು ತರಗತಿಗೆ, ಮನುಷ್ಯನಿಗಲ್ಲ. ನಮ್ಮಲ್ಲಿ ಬೇಲಿ ಮನುಷ್ಯನ ಸುತ್ತಲೇ ಇದೆ. 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳ 5ನೇ ನಿಯಮದಂತೆ ನೌಕರ ಪಕ್ಷ ಸೇರುವಂತಿಲ್ಲ, ರಾಜಕೀಯದಲ್ಲಿ ತೊಡಗಿದ ಸಂಘಟನೆಯ ನಂಟೂ ಇರಕೂಡದು. 2023ರ ಮೇ ತಿಂಗಳಲ್ಲಿ ಹೊಸದುರ್ಗ ತಾಲ್ಲೂಕಿನ ಶಿಕ್ಷಕರೊಬ್ಬರು ಹೊಸ ಸರ್ಕಾರದ ಉಚಿತ ಯೋಜನೆಗಳನ್ನು ಫೇಸ್‌ಬುಕ್ಕಿನಲ್ಲಿ ಟೀಕಿಸಿ ಅಮಾನತಾದರು. ಆ ಟೀಕೆ ನನಗೆ ಒಪ್ಪಿಗೆಯಿಲ್ಲ. ಆದರೆ ಅದನ್ನು ಯಾವ ಹುಡುಗ ಕೈಕಟ್ಟಿ ಕೂತು ಕೇಳಬೇಕಾಗಿತ್ತು? ಸರ್ಕಾರಿ ನೌಕರಿಗೆ ಸೇರಿದ ಮಾತ್ರಕ್ಕೆ ಮೂಲಭೂತ ಹಕ್ಕು ಹೋಗುವುದಿಲ್ಲವೆಂದು ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಗೆದ್ದಂತಾಗುತ್ತಿತ್ತು. ಆದರೆ ವೇಬರ್‌ನ ಬೇಲಿ ನಮ್ಮ ಉತ್ತರ ಕನ್ನಡದ ಜೋಯಿಡಾದಲ್ಲಿ ನಿಲ್ಲುವುದಿಲ್ಲ. ಏಕೋಪಾಧ್ಯಾಯ ಶಾಲೆಯ ಊರಲ್ಲಿ ಗಂಟೆ ಬಾರಿಸಿದ ಮೇಲೂ ಮಾಸ್ತರ ಮಾಸ್ತರನೇ. ಅರ್ಜಿ ಬರೆಯುವವನು ಅವನು, ಬ್ಯಾಂಕಿನ ಪತ್ರ ಓದಿಹೇಳುವವನು ಅವನು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆನ್ನುತ್ತದೆ. ಆ ಮೂರು ಕೆಲಸಗಳೂ ಊರಿನ ಮನೆಮನೆ ಹೊಗುವಂಥವೇ ಅಲ್ಲವೇ?

ನಾನು ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಆಗಿದ್ದಾಗ ಕುಣಬಿ ಸಮುದಾಯದ ಒಂದು ಮನೆಯವರ ಹೆಸರು ತೆಗೆಯಲು ಫಾರ್ಮ್ 7 ಬಂತು. ಗೋವಾದಲ್ಲಿ ಇರುತ್ತಾರೆ, ಮನೆಗೆ ಬೀಗ ಎಂದು ಆಕ್ಷೇಪ. ಸಲ್ಲಿಸಿದವನು ಪಂಚಾಯ್ತಿ ಸದಸ್ಯನ ಕಡೆಯವ. ಆ ಮನೆಯ ಓಟು ಯಾವ ಕಡೆ ಬೀಳುತ್ತದೆಂದು ಊರಿಗೇ ಗೊತ್ತಿತ್ತು. ಹೋದಾಗ ಆ ಮನೆಯಾಕೆ ಅಕ್ಕಿ ಡಬ್ಬಿಯೊಳಗಿಂದ ಪ್ಲಾಸ್ಟಿಕ್ ಚೀಲ ತೆಗೆದು ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಗುರುತಿನ ಚೀಟಿ ಒಂದೊಂದಾಗಿ ಚಾಪೆಯ ಮೇಲೆ ಇಟ್ಟಳು. "ಮಾಸ್ತರ್ರೇ, ಅವ್ರು ದುಡಿಯೋದು ಗೋವಾದಲ್ಲಿ, ಮನೆ ಇಲ್ಲೇ" ಎಂದಳು. ಮಗಳು ನನ್ನ ನಾಲ್ಕನೇ ತರಗತಿಯವಳು, ಬಾಗಿಲಲ್ಲಿ ನಿಂತಿದ್ದಳು. ಹೆಸರು ಉಳಿಯಲಿ ಎಂದು ವರದಿ ಬರೆದರೂ ಒಂದು ಪಕ್ಷಕ್ಕೆ ಲಾಭ, ತೆಗೆಯಲಿ ಎಂದರೂ ಇನ್ನೊಂದಕ್ಕೆ. ಮಾಸ್ತರನಿಗೆ ರಾಜಕೀಯ ಯಾಕೆ ಎನ್ನುವವರು ಆ ಚಾಪೆಯ ಮೇಲೆ ಬಂದು ಕೂರಬೇಕಿತ್ತು.

ಈ ಉದಾಹರಣೆಯನ್ನು ನಿಯಮದ ವಿರುದ್ಧ ಬಹಳ ಕಾಲ ಹೇಳಿಕೊಂಡು ಬಂದೆ. ಈಗ ಅದು ನನ್ನನ್ನೇ ಚುಚ್ಚುತ್ತದೆ. ಆಕೆ ಚೀಲ ಬಿಚ್ಚಿದ್ದು ನಾನು ಯಾವ ಪಕ್ಷದವನೂ ಅಲ್ಲವೆಂಬ ನಂಬಿಕೆಯಿಂದ. ಹಿಂದಿನ ವಾರ ನಾನು ಯಾವುದೋ ಬಾವುಟ ಹಿಡಿದು ದಾಂಡೇಲಿಯ ಮೆರವಣಿಗೆಯಲ್ಲಿ ಕಂಡಿದ್ದರೆ? ಒಳ್ಳೆಯ ವರದಿ ಬರೆದರೂ ಯಾರು ನಂಬುತ್ತಿದ್ದರು? ನಡತೆ ನಿಯಮಗಳಲ್ಲಿ ಪಕ್ಷದ ಸದಸ್ಯತ್ವ ಬೇಡವೆಂಬ ಭಾಗವನ್ನು ಅಲ್ಲಿಗೆ ಒಪ್ಪಿಕೊಂಡೆ. ಸರ್ಕಾರವನ್ನು ಟೀಕಿಸಬಾರದೆಂಬ ಭಾಗವನ್ನು ಇಂದಿಗೂ ಒಪ್ಪುವುದಿಲ್ಲ. (ನಿವೃತ್ತನಾದ ಮೇಲೆ ಬರೆಯುತ್ತಿದ್ದೇನೆ, ಧೈರ್ಯವೆಂದು ಯಾರೂ ತಿಳಿಯಬೇಡಿ.)

ಹಾಗಾದರೆ ಗೆರೆ ಎಲ್ಲಿ? 2024ರ ಜುಲೈಯಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರು ಆರ್‌ಎಸ್‌ಎಸ್ ಚಟುವಟಿಕೆಗೆ ಹೋಗುವುದಕ್ಕೆ 1966ರಿಂದ ಇದ್ದ ತಡೆ ತೆಗೆಯಿತು. 2025ರ ಅಕ್ಟೋಬರ್‌ನಲ್ಲಿ ಸಚಿವ ಪ್ರಿಯಾಂಕ್ ಖರ್ಗೆ ಅದೇ 5ನೇ ನಿಯಮ ತೋರಿಸಿ ರಾಜ್ಯದ ನೌಕರರು ಹೋಗಬಾರದೆಂದು ಮುಖ್ಯಮಂತ್ರಿಗೆ ಪತ್ರ ಬರೆದರು. ಹೊಸದುರ್ಗದ ಶಿಕ್ಷಕರಿಗಾಗಿ ವಾಕ್ ಸ್ವಾತಂತ್ರ್ಯದ ಮಾತಾಡಿದವರು ಬೇರೆ ಮಾಸ್ತರರ ವಿಷಯದಲ್ಲಿ ಶಿಸ್ತಿನ ಮಾತಾಡುತ್ತಾರೆ. ಇನ್ನೊಂದು ಕಡೆಯವರೂ ಹಾಗೆಯೇ. ಯಾವುದು ಸಾಂಸ್ಕೃತಿಕ, ಯಾವುದು ರಾಜಕೀಯ ಎಂಬ ಪ್ರಶ್ನೆ ಎದ್ದರೆ ಸರ್ಕಾರದ ತೀರ್ಮಾನವೇ ಅಂತಿಮವೆಂದು ನಡತೆ ನಿಯಮದಲ್ಲೇ ಇದೆ. ಆಡುವವನೇ ಅಂಪೈರ್. ಇದು ತಪ್ಪು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಅಧಿಕಾರವನ್ನು ಕಿತ್ತು ಯಾರ ಕೈಗೆ ಕೊಡೋಣ? ನ್ಯಾಯಾಲಯಕ್ಕೆ ಎಂದರೆ ಜೋಯಿಡಾದ ಮಾಸ್ತರ ಧಾರವಾಡ ಪೀಠಕ್ಕೆ ಅಲೆದು ಸವೆಯುತ್ತಾನೆ. ಶಿಕ್ಷಕರ ಸಂಘಕ್ಕೆ ಎಂದರೆ ಸಂಘದ ಚುನಾವಣೆಯೂ ಪಕ್ಷದ ಲೆಕ್ಕಾಚಾರದಲ್ಲೇ ನಡೆಯುವುದನ್ನು ಕಂಡಿದ್ದೇನೆ. ನನಗೆ ಹೊಳೆದಿಲ್ಲ. ಸೇವೆಯಲ್ಲಿರುವ ಮಾಸ್ತರರು, ಅಕ್ಕೋರು ಯಾರಿಗಾದರೂ ಹೊಳೆದಿದ್ದರೆ ಬರೆಯಿರಿ. ಬೇಕಿದ್ದರೆ ಹೆಸರು ಹಾಕಬೇಡಿ.